ಆಸ್ಟ್ರೇಲಿಯಾದ 482 ವೀಸಾಕ್ಕೆ ‘ಸ್ಪಾನ್ಸರ್‌ಶಿಪ್ ಹಣ’ ಎಂದು ಒಂಬತ್ತು ಲಕ್ಷ ಕೇಳುತ್ತಿದ್ದಾರೆ: ಕೊಡಬಹುದೇ?

ಪ್ರಶ್ನೆ: ಪೀಣ್ಯದ ಫಿಟ್ಟರ್

ಎಲ್ಲರಿಗೂ ನಮಸ್ಕಾರ. ನಾನು ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಮುಗಿಸಿ, ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಹನ್ನೊಂದು ವರ್ಷಗಳಿಂದ ದುಡಿಯುತ್ತಿದ್ದೇನೆ. ಪಂಪ್ ಮತ್ತು ಗೇರ್‌ಬಾಕ್ಸ್‌ಗಳ ದುರಸ್ತಿ, ಬೇರಿಂಗ್ ಬದಲಾವಣೆ, ಶಾಫ್ಟ್ ಅಲೈನ್‌ಮೆಂಟ್ ನನ್ನ ದಿನನಿತ್ಯದ ಕೆಲಸ. ವಯಸ್ಸು 34. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ. ಹೆಂಡತಿ ಮತ್ತು ಎರಡನೇ ತರಗತಿಯಲ್ಲಿ ಓದುವ ಮಗಳಿದ್ದಾಳೆ.

ಎರಡು ತಿಂಗಳ ಹಿಂದೆ ಮೆಜೆಸ್ಟಿಕ್ ಸಮೀಪದ ಒಂದು ಕನ್ಸಲ್ಟೆನ್ಸಿಯವರು ಪಶ್ಚಿಮ ಆಸ್ಟ್ರೇಲಿಯಾದ ಒಂದು ಕಂಪನಿಗೆ ಫಿಟ್ಟರ್‌ಗಳು ಬೇಕಾಗಿದ್ದಾರೆಂದು ಹೇಳಿ ನನ್ನ ದಾಖಲೆಗಳನ್ನು ಪಡೆದರು. ಈಗ ಆಫರ್ ಲೆಟರ್ ಬಂದಿದೆ. ನಾಲ್ಕು ವರ್ಷಗಳ 482 ವೀಸಾ (ಅಲ್ಲಿನ ಕಂಪನಿಯೇ ಪ್ರಾಯೋಜಿಸಿ ಕರೆಸಿಕೊಳ್ಳುವ ತಾತ್ಕಾಲಿಕ ಕೆಲಸದ ವೀಸಾ), ವರ್ಷಕ್ಕೆ 78,000 ಆಸ್ಟ್ರೇಲಿಯನ್ ಡಾಲರ್ ಸಂಬಳ, ಇದರಲ್ಲಿ ‘ಸೂಪರ್ ಮತ್ತು ವಸತಿ ಸೇರಿದೆ’ ಎಂದು ಪತ್ರದಲ್ಲಿದೆ. ಏಜೆಂಟರು ಒಟ್ಟು ಒಂಬತ್ತು ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಎರಡು ಲಕ್ಷ ಈಗಲೇ, ನಾಲ್ಕು ಲಕ್ಷ ನಾಮಿನೇಷನ್ ಮಂಜೂರಾದಾಗ, ಉಳಿದ ಮೂರು ಲಕ್ಷವನ್ನು ಅಲ್ಲಿಗೆ ಹೋದ ಮೇಲೆ ಹತ್ತು ತಿಂಗಳ ಸಂಬಳದಲ್ಲಿ ಕಂಪನಿಯೇ ಹಿಡಿದುಕೊಳ್ಳುತ್ತದೆಯಂತೆ. ಕಂಪನಿಗೆ ಸರ್ಕಾರ ವಿಧಿಸುವ ತೆರಿಗೆಯನ್ನು ಕೆಲಸಗಾರನೇ ಭರಿಸುವುದು ಅಲ್ಲಿನ ಪದ್ಧತಿ ಎಂದು ಅವರು ಹೇಳುತ್ತಾರೆ. ಮುಂಗಡವೆಂದು 40,000 ರೂಪಾಯಿ ಕೊಟ್ಟಾಗಿದೆ. ಪಾಸ್‌ಪೋರ್ಟ್ ಕೂಡ ಅವರ ಬಳಿಯೇ ಇದೆ.

ನೆಲಮಂಗಲದ ಬಳಿ ಇರುವ ನಮ್ಮ ಒಂದೇ ನಿವೇಶನವನ್ನು ಅಡವಿಡುವ ಮೊದಲು ತಿಳಿದವರನ್ನು ಕೇಳೋಣವೆಂದು ಹೆಂಡತಿ ಒತ್ತಾಯಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಇಷ್ಟು ಹಣ ಕೊಡುವುದು ನಿಜವಾಗಿಯೂ ಪದ್ಧತಿಯೇ? ಅಲ್ಲಿ ಹೋದ ಮೇಲೆ ಕಂಪನಿ ಕೆಲಸದಿಂದ ತೆಗೆದರೆ ನನ್ನ ಗತಿ ಏನು? ಕುಟುಂಬವನ್ನು ಜೊತೆಗೆ ಕರೆದೊಯ್ಯಬಹುದೇ?

ಉತ್ತರ 1: ಬಸವನಗುಡಿಯಿಂದ, ಹಿಂದೆ ಮೆಲ್ಬರ್ನ್‌ನಲ್ಲಿದ್ದವನು

ದಯವಿಟ್ಟು ಇನ್ನೊಂದು ರೂಪಾಯಿಯನ್ನೂ ಕೊಡಬೇಡಿ. ಕಾರಣವನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇದೇ ತಪ್ಪನ್ನು ನಾನು ಮಾಡಿದ್ದೇನೆ.

ಈ ವೀಸಾದಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲು ಕಂಪನಿಯು ಪ್ರಾಯೋಜಕನಾಗಿ ಆಸ್ಟ್ರೇಲಿಯಾದ ಗೃಹ ಇಲಾಖೆಯ ಅನುಮೋದನೆ ಪಡೆಯಬೇಕು. ನಂತರ ಇಂತಹ ಹುದ್ದೆಗೆ ಇಂತಹ ವ್ಯಕ್ತಿ ಬೇಕೆಂದು ನಾಮಿನೇಷನ್ ಸಲ್ಲಿಸಬೇಕು. ಕೊನೆಯಲ್ಲಿ ನೀವು ವೀಸಾಕ್ಕೆ ಅರ್ಜಿ ಹಾಕಬೇಕು. ಮೊದಲ ಎರಡರ ಖರ್ಚು ಸಂಪೂರ್ಣವಾಗಿ ಕಂಪನಿಯದು. ಏಜೆಂಟರು ನಿಮಗೆ ‘ತೆರಿಗೆ’ ಎಂದು ಹೇಳಿರುವುದು ಬಹುಶಃ ನಾಮಿನೇಷನ್ ಜೊತೆಗೆ ಕಟ್ಟಬೇಕಾದ ತರಬೇತಿ ನಿಧಿಯ ಸುಂಕವಿರಬೇಕು. ವಾರ್ಷಿಕ ವಹಿವಾಟು 1 ಕೋಟಿ ಡಾಲರ್‌ಗಿಂತ ಕಡಿಮೆ ಇರುವ ಕಂಪನಿ ವೀಸಾದ ಪ್ರತಿ ವರ್ಷಕ್ಕೆ 1,200 ಡಾಲರ್, ಅದಕ್ಕಿಂತ ದೊಡ್ಡ ಕಂಪನಿ 1,800 ಡಾಲರ್ ಕಟ್ಟುತ್ತದೆ. ಸ್ಥಳೀಯರಿಗೆ ಕಸುಬು ಕಲಿಸದೆ ಹೊರಗಿನವರನ್ನು ಕರೆತರುವ ಮಾಲೀಕನು ಆ ತರಬೇತಿಗೆ ಹಣ ಕೊಡಲಿ ಎಂಬುದು ಅದರ ಉದ್ದೇಶ. ಆದ್ದರಿಂದಲೇ ಅದನ್ನು ಕೆಲಸಗಾರನ ತಲೆಗೆ ಕಟ್ಟುವುದನ್ನು ಕಾನೂನು ನಿಷೇಧಿಸಿದೆ. ಪ್ರಾಯೋಜಕತ್ವ, ನಾಮಿನೇಷನ್ ಮತ್ತು ನೇಮಕಾತಿಗೆ ತಗಲುವ ಏಜೆಂಟರ ಶುಲ್ಕವನ್ನು ಕೂಡ ಕಂಪನಿ ನಿಮ್ಮಿಂದ ವಸೂಲು ಮಾಡುವಂತಿಲ್ಲ. ವೀಸಾ ಅರ್ಜಿಯ ಶುಲ್ಕ (ಒಬ್ಬ ವಯಸ್ಕರಿಗೆ 3,000 ಡಾಲರ್‌ಗಿಂತ ಸ್ವಲ್ಪ ಹೆಚ್ಚು), ವೈದ್ಯಕೀಯ ತಪಾಸಣೆ, ಪೊಲೀಸ್ ದೃಢೀಕರಣ ಪತ್ರ ಇವುಗಳನ್ನು ಮಾತ್ರ ನೀವು ಭರಿಸಬೇಕಾಗಬಹುದು. ಒಳ್ಳೆಯ ಕಂಪನಿಗಳು ಅದನ್ನೂ ತಾವೇ ಕೊಡುತ್ತವೆ.

ಇನ್ನು ಮುಖ್ಯವಾದ ಮಾತು. 2015ರ ಡಿಸೆಂಬರ್‌ನಿಂದ ಆಸ್ಟ್ರೇಲಿಯಾದಲ್ಲಿ ಪ್ರಾಯೋಜಕತ್ವಕ್ಕಾಗಿ ಹಣ ಪಡೆಯುವುದು ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ. ಇಷ್ಟನ್ನು ಕೇಳಿ ಸಮಾಧಾನ ಪಡಬೇಡಿ, ಏಕೆಂದರೆ ಅದೇ ಕಾನೂನಿನಲ್ಲಿ ಹಣ ಕೊಡುವವನಿಗೂ ದಂಡವಿದೆ, ಅವನ ವೀಸಾವನ್ನು ರದ್ದುಗೊಳಿಸುವ ಅಧಿಕಾರವೂ ಇಲಾಖೆಗಿದೆ. ನಿವೇಶನ ಅಡವಿಟ್ಟು ತಂದ ಹಣದಿಂದ ನೀವು ಕೊಳ್ಳುತ್ತಿರುವುದು ಯಾವ ದಿನ ಬೇಕಾದರೂ ಕೈತಪ್ಪಬಹುದಾದ ವೀಸಾವನ್ನು.

ನಾನು 2014ರಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆಗಿ ಹಳೆಯ 457 ವೀಸಾದಲ್ಲಿ ಮೆಲ್ಬರ್ನ್‌ಗೆ ಹೋದೆ. 1996ರಲ್ಲಿ ಆರಂಭವಾದ ಆ ವೀಸಾ 2018ರ ಮಾರ್ಚ್ 18ರಂದು ಕೊನೆಗೊಂಡು 482ಕ್ಕೆ ದಾರಿ ಮಾಡಿಕೊಟ್ಟಿತು. ನನ್ನ ಮಾಲೀಕರು ಸಂಬಳವನ್ನು ಬ್ಯಾಂಕ್ ಖಾತೆಗೆ ಪೂರ್ತಿಯಾಗಿ ಹಾಕುತ್ತಿದ್ದರು. ಮರುದಿನ ನಾನು 900 ಡಾಲರ್ ನಗದಾಗಿ ತೆಗೆದು ಅವರ ಕೈಗೆ ಕೊಡಬೇಕಿತ್ತು. ದಾಖಲೆಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. 2017ರಲ್ಲಿ ಹೊಸದಾಗಿ ಸಿಕ್ಕ ವೀಸಾದಲ್ಲಿ, ಕೆಲಸ ಬಿಟ್ಟರೆ ಇನ್ನೊಬ್ಬ ಪ್ರಾಯೋಜಕನನ್ನು ಹುಡುಕಿಕೊಳ್ಳಲು ಇದ್ದ ಅವಧಿ 60 ದಿನ ಮಾತ್ರ. ಗರ್ಭಿಣಿ ಹೆಂಡತಿಯನ್ನು ಮನೆಯಲ್ಲಿಟ್ಟುಕೊಂಡು ಆ 60 ದಿನಗಳ ಲೆಕ್ಕ ಹಾಕುತ್ತಾ ಹದಿನಾಲ್ಕು ತಿಂಗಳು ನಾನು ಬಾಯಿ ತೆರೆಯಲಿಲ್ಲ. ಕೊನೆಗೆ ರಾಜೀನಾಮೆ ಕೊಟ್ಟು, ಐವತ್ತೊಂದನೇ ದಿನ ಬೇರೊಂದು ಕಂಪನಿಯ ನಾಮಿನೇಷನ್ ಸಲ್ಲಿಕೆಯಾದ ಮೇಲೆಯೇ ನಿದ್ದೆ ಬಂದದ್ದು.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ, ಅದು ಈಗ ನನ್ನ ಕಾಲಕ್ಕಿಂತ ಬಹಳ ಮೇಲು. 2024ರ ಜುಲೈ 1ರಿಂದ ಕೆಲಸ ಹೋದವರಿಗೆ ಒಂದು ಬಾರಿಗೆ 180 ದಿನ, ವೀಸಾದ ಇಡೀ ಅವಧಿಯಲ್ಲಿ ಒಟ್ಟು 365 ದಿನ ಕಾಲಾವಕಾಶ ಸಿಗುತ್ತದೆ. ಆ ದಿನಗಳಲ್ಲಿ ಬೇರೆ ಮಾಲೀಕರ ಬಳಿ, ಬೇರೆ ಕೆಲಸವನ್ನೂ ಮಾಡಬಹುದು. ಆದರೆ ಕೆಲಸದಲ್ಲಿರುವಷ್ಟು ದಿನ ನಾಮಿನೇಷನ್‌ನಲ್ಲಿರುವ ಕಸುಬನ್ನೇ, ಆ ಪ್ರಾಯೋಜಕನ ಬಳಿಯೇ ಮಾಡಬೇಕು. ಫಿಟ್ಟರ್ ಎಂದು ಕರೆಸಿಕೊಂಡು ಗೋದಾಮಿನಲ್ಲಿ ಮೂಟೆ ಹೊರಿಸಿದರೆ ತಪ್ಪು ಅವರದಾದರೂ ವೀಸಾ ನಿಯಮ ಮುರಿದ ಕಳಂಕ ನಿಮಗೂ ತಟ್ಟುತ್ತದೆ.

ಉತ್ತರ 2: ವೇತನ ವಿಭಾಗದಾಕೆ, ಕೋರಮಂಗಲ

ಮೇಲಿನವರು ಹೇಳಿರುವುದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ನಮ್ಮ ಕಚೇರಿಯಿಂದ ಹೊರದೇಶಗಳಿಗೆ ಹೋಗುವವರ ವೇತನ ಪತ್ರಗಳನ್ನು ಎಂಟು ವರ್ಷಗಳಿಂದ ನೋಡುತ್ತಿರುವ ನನಗೆ ನಿಮ್ಮ ಆಫರ್ ಲೆಟರ್‌ನ ಒಂದು ಸಾಲು ಕಣ್ಣಿಗೆ ಚುಚ್ಚಿತು: ‘ಸೂಪರ್ ಮತ್ತು ವಸತಿ ಸೇರಿದೆ’.

2024ರ ಡಿಸೆಂಬರ್ 7ರಿಂದ 482 ವೀಸಾಕ್ಕೆ ‘ಸ್ಕಿಲ್ಸ್ ಇನ್ ಡಿಮಾಂಡ್’ ಎಂಬ ಹೊಸ ಹೆಸರು ಬಂದಿದೆ. ಅದರಲ್ಲಿ ನಿಮ್ಮಂಥ ಕಸುಬುಗಳು ಬರುವ ಕೋರ್ ಸ್ಕಿಲ್ಸ್ ವಿಭಾಗದಲ್ಲಿ ಕನಿಷ್ಠ ವಾರ್ಷಿಕ ಸಂಬಳ 2025ರ ಜುಲೈ 1ರಿಂದ 76,515 ಡಾಲರ್ ಎಂದು ನಿಗದಿಯಾಗಿದೆ. ಪ್ರತಿ ವರ್ಷ ಜುಲೈ 1ಕ್ಕೆ ಅದು ಪರಿಷ್ಕರಣೆಯಾಗುತ್ತದೆ. ನೋಡಿದ ತಕ್ಷಣ 78,000 ಅದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಆದರೆ ಆ ಮಿತಿಯು ಕೈಗೆ ಹಣವಾಗಿ ಬರುವ ಸಂಬಳಕ್ಕೆ ಸಂಬಂಧಿಸಿದ್ದು. ಸೂಪರ್ ಅದರ ಹೊರಗಿರಬೇಕು, ವಸತಿಯಂತಹ ಸೌಲಭ್ಯದ ಬೆಲೆಯನ್ನು ಅದಕ್ಕೆ ಸೇರಿಸಿ ತೋರಿಸುವಂತಿಲ್ಲ. ಸೂಪರ್ ಎಂದರೆ ನಮ್ಮ ಭವಿಷ್ಯ ನಿಧಿಯಂತಹ ನಿವೃತ್ತಿ ಉಳಿತಾಯ. ಅಲ್ಲಿ ಮಾಲೀಕನು ಸಂಬಳದ ಮೇಲೆ ಶೇಕಡಾ 12ರಷ್ಟನ್ನು ತನ್ನ ಕೈಯಿಂದ ಹಾಕುತ್ತಾನೆ. ಆದ್ದರಿಂದ 78,000ವನ್ನು 1.12ರಿಂದ ಭಾಗಿಸಿ ನೋಡಿ: ಸುಮಾರು 69,643 ಡಾಲರ್ ಉಳಿಯುತ್ತದೆ. ಮನೆ ಬಾಡಿಗೆಯ ಲೆಕ್ಕವನ್ನು ಇನ್ನೂ ಕಳೆದೇ ಇಲ್ಲ. ಆಗಲೇ ಕನಿಷ್ಠ ಮಿತಿಗಿಂತ 6,872 ಡಾಲರ್ ಕಡಿಮೆಯಾಯಿತು. ಈ ಸಂಬಳಕ್ಕೆ ಕೋರ್ ಸ್ಕಿಲ್ಸ್ ನಾಮಿನೇಷನ್ ಮಂಜೂರಾಗುವುದಿಲ್ಲ. ಹಾಗಿರುವಾಗ ‘ನಾಮಿನೇಷನ್ ಮಂಜೂರಾದಾಗ ನಾಲ್ಕು ಲಕ್ಷ’ ಎನ್ನುವವರು ಯಾವ ಕಾಗದವನ್ನು ತೋರಿಸಿ ಆ ಹಣ ಕೇಳುತ್ತಾರೋ ಯೋಚಿಸಿ.

ಇದಲ್ಲದೆ, ಕನಿಷ್ಠ ಮಿತಿ ದಾಟಿದರೆ ಸಾಲದು. ಅದೇ ಊರಿನಲ್ಲಿ ಅದೇ ಕೆಲಸ ಮಾಡುವ ಆಸ್ಟ್ರೇಲಿಯಾದವನಿಗೆ ಸಿಗುವಷ್ಟೇ ಸಂಬಳ ನಿಮಗೂ ಸಿಗಬೇಕು. ಕನಿಷ್ಠ ಮಿತಿಯನ್ನು 2013ರಿಂದ 2023ರವರೆಗೆ, ಹತ್ತು ವರ್ಷ, 53,900 ಡಾಲರ್‌ನಲ್ಲೇ ನಿಲ್ಲಿಸಿಬಿಟ್ಟಿದ್ದರು. ಬೆಲೆಗಳು ಏರುತ್ತಾ ಹೋದಂತೆ, ಹೊರಗಿನ ಕೆಲಸಗಾರರು ಅಗ್ಗಕ್ಕೆ ಸಿಗುತ್ತಾರೆಂಬ ಅಭ್ಯಾಸ ಕೆಲವು ಮಾಲೀಕರಿಗೆ ಬಂದದ್ದು ಆ ದಶಕದಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ನಮ್ಮ ದೇಶದ ಕಾನೂನಿನ ವಿಷಯಕ್ಕೆ ಬರುತ್ತೇನೆ. ಭಾರತೀಯರನ್ನು ವಿದೇಶಿ ಮಾಲೀಕರಿಗಾಗಿ ನೇಮಿಸುವ ಏಜೆಂಟರು 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು. ಅಂಥವರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ನೋಂದಾಯಿತ ಏಜೆಂಟರು ಕೂಡ ಕೆಲಸಗಾರನಿಂದ ಸೇವಾ ಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯನ್ನು ಮೀರಿ ಪಡೆಯುವಂತಿಲ್ಲ, ಪಡೆದದ್ದಕ್ಕೆ ರಸೀದಿ ಕೊಡಬೇಕು. ಶೇಕಡಾ 18 ಸೇರಿಸಿದರೆ 35,400. ನೀವು ಈಗಾಗಲೇ ಕೊಟ್ಟಿರುವ 40,000 ಆ ಮಿತಿಯನ್ನೇ ದಾಟಿದೆ.

ಪಾಸ್‌ಪೋರ್ಟ್ ಅನ್ನು ಇಂದೇ ಹಿಂದಕ್ಕೆ ಪಡೆಯಿರಿ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು. ಖಾಸಗಿ ಕಚೇರಿಯೊಂದು ಅದನ್ನು ಒತ್ತೆಯಂತೆ ಇಟ್ಟುಕೊಳ್ಳುವಂತಿಲ್ಲ. ಈ ವೀಸಾದ ಅರ್ಜಿ ಇಮ್ಮಿಅಕೌಂಟ್ ಎಂಬ ಜಾಲತಾಣದಲ್ಲಿ ಸಲ್ಲಿಕೆಯಾಗುತ್ತದೆ, ವೀಸಾವೂ ವಿದ್ಯುನ್ಮಾನ ರೂಪದಲ್ಲಿಯೇ ಬರುತ್ತದೆ. ಅದಕ್ಕೆ ಪಾಸ್‌ಪೋರ್ಟ್‌ನ ಸ್ಕ್ಯಾನ್ ಪ್ರತಿ ಸಾಕು.

ಉತ್ತರ 3: ಜಾಲಹಳ್ಳಿ ನಿವಾಸಿ

ಇಲ್ಲಿ ಬರೆದವರೆಲ್ಲ ಕಾನೂನು ಹೇಳುತ್ತಿದ್ದೀರಿ, ಅದು ಸರಿ. ಆದರೆ ಕಾನೂನಿನಂತೆ ನಡೆದರೆ ನಮ್ಮಂಥ ಐಟಿಐ ಓದಿದವರನ್ನು ಯಾರು ಕರೆಯುತ್ತಾರೆ? ನನ್ನ ಚಿಕ್ಕಪ್ಪನ ಮಗ ಏಳು ಲಕ್ಷ ಕೊಟ್ಟು ಹೋದ. ಇಂದು ಅಲ್ಲಿ ಮನೆ, ಕಾರು ಎಲ್ಲವೂ ಇದೆ. ಕೊಟ್ಟ ಹಣ ಒಂದೂವರೆ ವರ್ಷದಲ್ಲಿ ಹಿಂದಿರುಗಿತು. ಪ್ರಶ್ನೆ ಕೇಳಿದವರ ಆಸೆಗೆ ತಣ್ಣೀರು ಎರಚುವ ಮೊದಲು ಇಲ್ಲಿನ ಕಾರ್ಖಾನೆಯ ಸಂಬಳದಲ್ಲಿ ಮಗಳನ್ನು ಓದಿಸುವ ಕಷ್ಟವನ್ನೂ ಯೋಚಿಸಿ.

ಉತ್ತರ 4: ಪರ್ತ್‌ನಿಂದ, ಮೂಲತಃ ಯಲಹಂಕ

ಜಾಲಹಳ್ಳಿಯ ಅಣ್ಣನ ಮಾತಿನಲ್ಲಿರುವ ನೋವು ನನಗೆ ಅರ್ಥವಾಗುತ್ತದೆ, ನಾನೂ ಐಟಿಐ ಓದಿದ ಫಿಟ್ಟರನೇ. ಆದರೆ ನಮ್ಮಂಥವರನ್ನು ಯಾರೂ ಕರೆಯುವುದಿಲ್ಲ ಎಂಬುದು ನಿಜವಲ್ಲ. ನಾನು ಪ್ರಾಯೋಜಕತ್ವಕ್ಕೆಂದು ಯಾರಿಗೂ ಒಂದು ರೂಪಾಯಿ ಕೊಡದೆ ಇಲ್ಲಿಗೆ ಬಂದೆ. ಇಲ್ಲಿನ ಗಣಿಗಳಿಗೆ ಯಂತ್ರ ದುರಸ್ತಿ ಮಾಡುವ ಕಾರ್ಖಾನೆಗಳಿಗೆ ಒಳ್ಳೆಯ ಫಿಟ್ಟರ್ ಸಿಗುವುದು ಕಷ್ಟ. ಹುದ್ದೆಗೆ ಕನಿಷ್ಠ ನಾಲ್ಕು ವಾರ ಜಾಹೀರಾತು ಕೊಟ್ಟು, ಸ್ಥಳೀಯರು ಸಿಗದೆ ಇದ್ದಾಗ ಅವರು ಹೊರಗೆ ಕೈಚಾಚುತ್ತಾರೆ. ಅಂಥ ಮಾಲೀಕನಿಗೆ ನಮ್ಮ ಲಕ್ಷಗಳು ಬೇಕಾಗಿಲ್ಲ. ನಮ್ಮ ಕೈಕೆಲಸ ಬೇಕು. ಕೆಲಸಗಾರನಿಂದ ಹಣ ಕೇಳುವವನಿಗೆ ಬಹುತೇಕ ಫಿಟ್ಟರ್‌ನ ಅವಶ್ಯಕತೆಯೇ ಇರುವುದಿಲ್ಲ.

ಯಾರೂ ನಿಮಗೆ ಹೇಳದೆ ಇರುವ ಒಂದು ವಿಷಯವಿದೆ. ಹಲವು ತಾಂತ್ರಿಕ ಕಸುಬುಗಳಲ್ಲಿ ಭಾರತೀಯ ಪಾಸ್‌ಪೋರ್ಟ್ ಇರುವವರು ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ ಎಂಬ ಸಂಸ್ಥೆಯ ಕೌಶಲ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ನಿಮ್ಮ ಏಜೆಂಟರು ಅದರ ಹೆಸರನ್ನೇ ಎತ್ತಿಲ್ಲವೆಂದರೆ ನನಗೆ ಅದೊಂದೇ ಸಾಕ್ಷಿ ಸಾಕು. ಮೊದಲ ಹಂತದಲ್ಲಿ ದಾಖಲೆಗಳ ಪರಿಶೀಲನೆ, ಎರಡನೆಯದರಲ್ಲಿ ತಾಂತ್ರಿಕ ಸಂದರ್ಶನ ಅಥವಾ ಪ್ರಾಯೋಗಿಕ ಪರೀಕ್ಷೆ. ನನ್ನ ಸಂದರ್ಶನ ವಿಡಿಯೋ ಕರೆಯಲ್ಲಿ ನಡೆಯಿತು. ಪುಸ್ತಕದ ಪ್ರಶ್ನೆ ಒಂದೂ ಇರಲಿಲ್ಲ. ಬೇರಿಂಗ್ ಅನ್ನು ಶಾಫ್ಟ್‌ಗೆ ಏರಿಸುವ ಮೊದಲು ಏನೇನು ಅಳೆಯುತ್ತೀರಿ, ಎಷ್ಟು ಬಿಸಿ ಮಾಡುತ್ತೀರಿ, ಡಯಲ್ ಗೇಜ್‌ನಲ್ಲಿ ಅಲೈನ್‌ಮೆಂಟ್ ಹೇಗೆ ನೋಡುತ್ತೀರಿ, ಯಂತ್ರದ ವಿದ್ಯುತ್ ಸಂಪರ್ಕವನ್ನು ಕಡಿದು ಬೀಗ ಹಾಕದೆ ಯಾಕೆ ಕೈ ಹಾಕಬಾರದು ಎಂದು ಕೇಳಿದರು. ಹನ್ನೊಂದು ವರ್ಷ ಪಂಪ್ ಬಿಚ್ಚಿದವರಿಗೆ ಇದೆಲ್ಲ ಕೈಗೆ ಗೊತ್ತಿರುತ್ತದೆ. ಅದನ್ನು ಇಂಗ್ಲಿಷ್‌ನಲ್ಲಿ ಬಾಯಿಬಿಟ್ಟು ಹೇಳುವುದನ್ನು ಮಾತ್ರ ಅಭ್ಯಾಸ ಮಾಡಬೇಕು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಆರು ತಿಂಗಳು ಪ್ರತಿ ರಾತ್ರಿ ಅಂದು ಮಾಡಿದ ಕೆಲಸವನ್ನು ಇಂಗ್ಲಿಷ್‌ನಲ್ಲಿ ಮೊಬೈಲ್‌ಗೆ ಹೇಳಿ, ರೆಕಾರ್ಡ್ ಮಾಡಿ ಕೇಳುತ್ತಿದ್ದೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಬೇಕಾಗಿರುವುದು ನಾಲ್ಕೂ ವಿಭಾಗಗಳಲ್ಲಿ 5 ಅಂಕ, ಅದು ಕೈಗೆಟುಕದ್ದೇನಲ್ಲ.

ದಾಖಲೆಗಳ ವಿಷಯದಲ್ಲಿ ಪೀಣ್ಯದವರಿಗೆ ಒಂದು ವಿಶೇಷ ಕಷ್ಟವಿದೆ, ಅದನ್ನು ಈಗಲೇ ಸರಿಪಡಿಸಿಕೊಳ್ಳಿ. ಸಣ್ಣ ಕಾರ್ಖಾನೆಗಳಲ್ಲಿ ಸಂಬಳವನ್ನು ನಗದಾಗಿ ಕೊಡುವುದುಂಟು. ಹತ್ತು ವರ್ಷ ದುಡಿದರೂ ಕಾಗದದಲ್ಲಿ ನಾಲ್ಕೇ ವರ್ಷ ಕಾಣಿಸುತ್ತದೆ. ಪಿಎಫ್ ಪಾಸ್‌ಬುಕ್, ಇಎಸ್‌ಐ ದಾಖಲೆ, ಬ್ಯಾಂಕ್ ವಿವರ, ಸಂಬಳ ಚೀಟಿ ಎಲ್ಲವನ್ನೂ ತೆಗೆದಿಡಿ. ಮಾಲೀಕರಿಂದ ‘ಇವರು ನಮ್ಮಲ್ಲಿ ಫಿಟ್ಟರ್ ಆಗಿದ್ದಾರೆ’ ಎಂಬ ಒಂದು ಸಾಲಿನ ಪತ್ರ ಬೇಡ. ಯಾವ ಯಂತ್ರ, ಯಾವ ಕೆಲಸ, ವಾರಕ್ಕೆ ಎಷ್ಟು ಗಂಟೆ ಎಂಬ ವಿವರ ಇರುವ ಪತ್ರವನ್ನು ಲೆಟರ್‌ಹೆಡ್‌ನಲ್ಲಿ ಪಡೆಯಿರಿ. ಕೆಲಸ ಮಾಡುತ್ತಿರುವ ಫೋಟೋ, ವಿಡಿಯೋಗಳನ್ನು ಅನುಮತಿ ಪಡೆದು ತೆಗೆಸಿಕೊಳ್ಳಿ.

ಕುಟುಂಬವನ್ನು ಕರೆತರಬಹುದು, ನಿಮ್ಮ ಹೆಂಡತಿಗೆ ಯಾವ ಕೆಲಸವನ್ನಾದರೂ ಮಾಡುವ ಹಕ್ಕು ಇರುತ್ತದೆ. ಆದರೆ ಭಾರತದಿಂದ ಬಂದ ತಾತ್ಕಾಲಿಕ ವೀಸಾದವರಿಗೆ ಸರ್ಕಾರಿ ವೈದ್ಯಕೀಯ ಸೌಲಭ್ಯವಿಲ್ಲ, ಖಾಸಗಿ ವಿಮೆ ಮಾಡಿಸಲೇಬೇಕು. ಕೆಲವು ರಾಜ್ಯಗಳಲ್ಲಿ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲಿಯೂ ಶುಲ್ಕವಿದೆ. ನಾನು ಮೊದಲ ವರ್ಷ ಒಬ್ಬನೇ ಇದ್ದು, ಮನೆ ನೋಡಿಕೊಂಡ ನಂತರ ಅವರನ್ನು ಕರೆಸಿಕೊಂಡೆ. ಎರಡು ವರ್ಷ ದುಡಿದ ಮೇಲೆ, 45 ವಯಸ್ಸು ತುಂಬುವ ಮೊದಲು, ಮಾಲೀಕರು ಒಪ್ಪಿದರೆ 186 ಎಂಬ ಕಾಯಂ ವೀಸಾಕ್ಕೆ ದಾರಿ ಇದೆ. ನಿಮ್ಮ ವಯಸ್ಸಿಗೆ ಅವಸರವೇನಿಲ್ಲ.

ಪ್ರಶ್ನೆ ಕೇಳಿದವರ ಮರುಬರಹ: ಪೀಣ್ಯದ ಫಿಟ್ಟರ್

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ಕೆಲಸ ಮುಗಿಸಿ, ಭಾವನನ್ನು ಜೊತೆಗೆ ಕರೆದುಕೊಂಡು ಆ ಕಚೇರಿಗೆ ಹೋಗಿದ್ದೆ. ಕೌಶಲ ಪರೀಕ್ಷೆ ಯಾವಾಗ ಎಂದು ಕೇಳಿದ್ದಕ್ಕೆ, ನಿಮ್ಮ ಕಂಪನಿಗೆ ಅದರಿಂದ ವಿನಾಯಿತಿ ಇದೆ ಎಂದರು. ಇ-ಮೈಗ್ರೇಟ್ ನೋಂದಣಿ ಸಂಖ್ಯೆ ಕೇಳಿದಾಗ, ಆಸ್ಟ್ರೇಲಿಯಾಕ್ಕೆ ಅದು ಅನ್ವಯಿಸುವುದಿಲ್ಲ ಎಂದರು. ಪಾಸ್‌ಪೋರ್ಟ್ ಕೇಳಿದಾಗ, ಅದು ದೆಹಲಿಗೆ ಹೋಗಿದೆ, ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಆಫರ್ ಲೆಟರ್‌ನಲ್ಲಿರುವ ಕಂಪನಿಯ ಹೆಸರು ನಿಜವೇ ಎಂದು ಪತ್ತೆ ಮಾಡುವುದು ಹೇಗೆ? ಪಾಸ್‌ಪೋರ್ಟ್ ವಿಷಯದಲ್ಲಿ ಯಾರ ಬಳಿ ಹೋಗಲಿ?

ಉತ್ತರ 5: ವೇತನ ವಿಭಾಗದಾಕೆ, ಕೋರಮಂಗಲ

ದೆಹಲಿಗೆ ಹೋಗಿದೆ ಎಂಬುದನ್ನು ನಂಬಬೇಡಿ; ಈ ವೀಸಾದ ಅರ್ಜಿಗೆ ಪಾಸ್‌ಪೋರ್ಟ್ ದೆಹಲಿಗೆ ಹೋಗುವ ಅಗತ್ಯವೇ ಇಲ್ಲ. ಇ-ಮೈಗ್ರೇಟ್ ಬಗ್ಗೆ ಹೇಳಿದ್ದೂ ದಾರಿ ತಪ್ಪಿಸುವ ಮಾತು. ಆಸ್ಟ್ರೇಲಿಯಾಕ್ಕೆ ಹೋಗುವವರು ವಲಸೆ ಅನುಮತಿಯ ಮುದ್ರೆ ಹಾಕಿಸಿಕೊಳ್ಳಬೇಕಿಲ್ಲ ಎಂಬುದು ನಿಜ, ಆದರೆ ಏಜೆಂಟರ ನೋಂದಣಿ ಬೇರೆ ವಿಷಯ. ಯಾವ ದೇಶಕ್ಕೆ ಕಳುಹಿಸಿದರೂ ಅದು ಬೇಕು.

ಕಂಪನಿಯ ಬಗ್ಗೆ ಹೀಗೆ ಮಾಡಿ. ಆಸ್ಟ್ರೇಲಿಯಾದ ಪ್ರತಿ ಉದ್ಯಮಕ್ಕೂ ಎಬಿಎನ್ ಎಂಬ ಹನ್ನೊಂದು ಅಂಕಿಗಳ ಸಂಖ್ಯೆ ಇರುತ್ತದೆ, ಅದನ್ನು ಅಲ್ಲಿನ ಸರ್ಕಾರದ ಎಬಿಎನ್ ಲುಕಪ್ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಹೆಸರು ಸಿಕ್ಕಿದರೂ ಅಲ್ಲಿಗೆ ನಿಲ್ಲಿಸಬೇಡಿ, ಏಕೆಂದರೆ ನಿಜವಾದ ಕಂಪನಿಗಳ ಹೆಸರನ್ನು ಕದ್ದು ಆಫರ್ ಲೆಟರ್ ಅಚ್ಚು ಹಾಕಿಸುವವರಿದ್ದಾರೆ. ಪತ್ರದಲ್ಲಿರುವ ದೂರವಾಣಿಗೆ ಕರೆ ಮಾಡದೆ, ಕಂಪನಿಯ ಅಧಿಕೃತ ಜಾಲತಾಣದಿಂದ ಸಂಖ್ಯೆ ಹುಡುಕಿ ಕರೆ ಮಾಡಿ. ವೀಸಾ ಸಲಹೆಗಾರನೆಂದು ಆಸ್ಟ್ರೇಲಿಯಾದ ಯಾರನ್ನಾದರೂ ಅವರು ತೋರಿಸಿದರೆ, ಏಳು ಅಂಕಿಗಳ ನೋಂದಣಿ ಸಂಖ್ಯೆ ಕೇಳಿ ಅಲ್ಲಿನ ವಲಸೆ ಸಲಹೆಗಾರರ ನೋಂದಣಿ ಪ್ರಾಧಿಕಾರದ ಪಟ್ಟಿಯಲ್ಲಿ ಪರಿಶೀಲಿಸಿ.

ಪಾಸ್‌ಪೋರ್ಟ್ ಮತ್ತು ಹಣವನ್ನು ಹಿಂದಿರುಗಿಸುವಂತೆ ಒಂದು ಪುಟದ ಪತ್ರ ಬರೆದು, ದಿನಾಂಕ ಹಾಕಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಅದೇ ಮಾತನ್ನು ವಾಟ್ಸಾಪ್‌ನಲ್ಲಿಯೂ ಹಾಕಿ. 40,000 ಕೊಟ್ಟದ್ದಕ್ಕೆ ಯುಪಿಐ ದಾಖಲೆ ಇದ್ದರೆ ಅದರ ಪ್ರತಿ ಇಟ್ಟುಕೊಳ್ಳಿ. ಮೂರು ದಿನದಲ್ಲಿ ಉತ್ತರ ಬಾರದಿದ್ದರೆ ಆ ಕಚೇರಿ ಇರುವ ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಬೆಂಗಳೂರಿನಲ್ಲಿ ವಿದೇಶಾಂಗ ಸಚಿವಾಲಯದ ವಲಸೆ ಸಂರಕ್ಷಣಾಧಿಕಾರಿಗಳ ಕಚೇರಿ ಇದೆ, ನೋಂದಣಿಯಿಲ್ಲದ ಏಜೆಂಟರ ಮೇಲಿನ ದೂರನ್ನು ಅಲ್ಲಿಗೂ ಬರವಣಿಗೆಯಲ್ಲಿ ಕೊಡಿ. ನಿಮ್ಮಂತೆಯೇ ಹಣ ಕೊಟ್ಟ ಬೇರೆಯವರು ಪೀಣ್ಯದಲ್ಲಿ ಇರಲೇಬೇಕು. ಅವರನ್ನೂ ಜೊತೆಗೆ ಸೇರಿಸಿಕೊಂಡರೆ ದೂರಿಗೆ ಬಲ ಬರುತ್ತದೆ.

ಪ್ರಶ್ನೆ ಕೇಳಿದವರ ಮರುಬರಹ: ಪೀಣ್ಯದ ಫಿಟ್ಟರ್

ನಮಸ್ಕಾರ. ಅಂಚೆಯಲ್ಲಿ ಪತ್ರ ಕಳುಹಿಸಿದ ನಾಲ್ಕನೇ ದಿನ, ದೂರು ಬರೆದುಕೊಂಡು ಠಾಣೆಗೆ ಹೋಗುತ್ತಿದ್ದೇನೆ ಎಂದು ಫೋನ್‌ನಲ್ಲಿ ತಿಳಿಸಿದ ಮೇಲೆ, ಪಾಸ್‌ಪೋರ್ಟ್ ಅನ್ನು ಕಚೇರಿಯ ಹುಡುಗನೊಬ್ಬನ ಕೈಯಲ್ಲಿ ಯಶವಂತಪುರದವರೆಗೆ ಕಳುಹಿಸಿಕೊಟ್ಟರು. ಹಣ ಇನ್ನೂ ಬಂದಿಲ್ಲ. ನಮ್ಮ ಪಕ್ಕದ ಶೆಡ್ಡಿನ ಇಬ್ಬರು ವೆಲ್ಡರ್‌ಗಳು ಕೂಡ ಅಲ್ಲಿಯೇ ಮುಂಗಡ ಕಟ್ಟಿದ್ದಾರೆಂದು ತಿಳಿಯಿತು. ಸೋಮವಾರ ಮೂವರೂ ಸೇರಿ ದೂರು ಕೊಡುತ್ತೇವೆ. ಪರ್ತ್‌ನ ಅಣ್ಣನವರೇ, ನಮ್ಮ ಮಾಲೀಕರು ವಿವರವಾದ ಅನುಭವ ಪತ್ರ ಕೊಡಲು ಒಪ್ಪಿದ್ದಾರೆ. ಅದರಲ್ಲಿ ಏನೇನು ಇರಬೇಕೆಂದು ಒಂದು ಕರಡು ಬರೆದು ಇಲ್ಲಿ ಹಾಕುತ್ತೇನೆ, ಬಿಡುವಾದಾಗ ದಯವಿಟ್ಟು ತಿದ್ದಿ ಕೊಡಿ.